ಪಾರಸಿಕರ ನೆಲದಡಿಯ ನದಿಗಳು

1933ರಲ್ಲಿ ಇರಾನಿನ ಪರ್ಸೆಪೊಲಿಸ್‌ನಲ್ಲಿ ಉತ್ಖನನ ನಡೆಯುತ್ತಿದ್ದಾಗ, ‘ಅಪದಾನ’ ಎಂಬ ಮಹಾಸಭಾಂಗಣದ ಬುನಾದಿಯ ಮೂಲೆಗಳಲ್ಲಿ ಕಲ್ಲಿನ ಎರಡು ಪೆಟ್ಟಿಗೆಗಳು ದೊರೆತವು. ಪ್ರತಿಯೊಂದರಲ್ಲೂ ಒಂದು ಚಿನ್ನದ ಫಲಕ, ಒಂದು ಬೆಳ್ಳಿಯ ಫಲಕ. ಅಗಲ, ಉದ್ದ ಎರಡೂ ಸುಮಾರು 33 ಸೆಂಟಿಮೀಟರ್. ಎರಡೂವರೆ ಸಾವಿರ ವರ್ಷ ಮಣ್ಣಿನೊಳಗಿದ್ದರೂ ಚಿನ್ನದ ಮೇಲಿನ ಬೆಣೆಯಾಕಾರದ ಅಕ್ಷರಗಳ ಒಂದು ಗೆರೆಯೂ ಮಾಸಿರಲಿಲ್ಲ. ಪ್ರಾಚೀನ ಪರ್ಷಿಯನ್, ಎಲಮೈಟ್, ಬ್ಯಾಬಿಲೋನಿಯನ್ ಎಂಬ ಮೂರು ಭಾಷೆಗಳಲ್ಲಿ ಸಾಮ್ರಾಟ ಡೇರಿಯಸ್ ತನ್ನ ರಾಜ್ಯದ ಎಲ್ಲೆಗಳನ್ನು ಅದರಲ್ಲಿ ಕೆತ್ತಿಸಿದ್ದ. ಸೊಗ್ದಿಯಾನದ ಆಚೆಗಿನ ಶಕರ ನಾಡಿನಿಂದ ಆಫ್ರಿಕದ ಕುಶ್ ದೇಶದವರೆಗೆ, ನಮ್ಮ ಸಿಂಧೂ ತೀರದಿಂದ ಏಜಿಯನ್ ಕಡಲಿಗೆ ಸಮೀಪದ ಸಾರ್ಡಿಸ್ ನಗರದವರೆಗೆ ಹಬ್ಬಿದ್ದ ರಾಜ್ಯವದು. ಅಲ್ಲಿಯವರೆಗೆ ಜಗತ್ತು ಅಷ್ಟು ವಿಶಾಲವಾದ ಸಾಮ್ರಾಜ್ಯವನ್ನು ಕಂಡಿರಲಿಲ್ಲ.

ಈ ಮಹಾಸಾಮ್ರಾಜ್ಯ ಹುಟ್ಟಿದ ನೆಲ ಯಾವುದು? ನೈಲ್ ನದಿಯಂಥ ಜೀವದಾಯಿನಿ ಅಲ್ಲಿಲ್ಲ. ಗಂಗಾ ಬಯಲಿನಂಥ ಫಲವತ್ತಾದ ಮೆಕ್ಕಲು ಮಣ್ಣೂ ಇಲ್ಲ. ವರ್ಷದ ಸರಾಸರಿ ಮಳೆ 250 ಮಿಲಿಮೀಟರ್‌ನ ಆಸುಪಾಸು. ಅದರಲ್ಲೂ ಹೆಚ್ಚಿನದು ಚಳಿಗಾಲದಲ್ಲಿ, ಬೆಟ್ಟಗಳ ಮೇಲೆ, ಹಿಮವಾಗಿ ಬೀಳುತ್ತದೆ. ಈ ನೆಲದ ನಿಜವಾದ ಐಶ್ವರ್ಯ ಆ ಹಿಮವೇ. ಚಿನ್ನ, ಬೆಳ್ಳಿ, ದಂತ, ರತ್ನಗಳು ಪರ್ಷಿಯಕ್ಕೆ ಹೊರಗಿನಿಂದ ಬಂದವು. ಹಿಮದ ನೀರನ್ನು ಹಿಡಿದಿಟ್ಟು, ನೆಲದಡಿಯಲ್ಲಿ ನಡೆಸಿ, ಒಣ ಬಯಲಿನಲ್ಲಿ ಉದ್ಯಾನ ಅರಳಿಸಿದ ವಿದ್ಯೆ ಮಾತ್ರ ಅಲ್ಲಿನ ಜನ ತಮ್ಮ ನೆಲದಲ್ಲೇ ಬೆಳೆಸಿಕೊಂಡದ್ದು. ಪಾರಸಿಕರ ವೈಭವವನ್ನು ಅರಿಯಲು ಅರಮನೆಗಳಿಗಿಂತ ಮೊದಲು ಅವರ ಬೆಟ್ಟಗಳನ್ನು ನೋಡಬೇಕು.

ಇರಾನಿನ ಪ್ರಸ್ಥಭೂಮಿಯ ಸುತ್ತ ಪ್ರಕೃತಿಯೇ ಕೋಟೆ ಕಟ್ಟಿದಂತಿದೆ. ವಾಯವ್ಯದಿಂದ ಆಗ್ನೇಯಕ್ಕೆ ಸುಮಾರು 1500 ಕಿಲೋಮೀಟರ್ ಉದ್ದ ಜಾಗ್ರೋಸ್ ಪರ್ವತಶ್ರೇಣಿ ಚಾಚಿಕೊಂಡಿದೆ. ಅರೇಬಿಯದ ಭೂಫಲಕ ಯುರೇಷ್ಯದ ಭೂಫಲಕವನ್ನು ಕೋಟ್ಯಂತರ ವರ್ಷಗಳಿಂದ ಒತ್ತುತ್ತಲೇ ಇರುವುದರಿಂದ ಇಲ್ಲಿನ ಸುಣ್ಣಕಲ್ಲಿನ ಪದರಗಳು ನೆರಿಗೆ ನೆರಿಗೆಯಾಗಿ ಮೇಲೆದ್ದಿವೆ. ಉಪಗ್ರಹದ ಚಿತ್ರಗಳಲ್ಲಿ ಈ ಸಮಾನಾಂತರ ಮಡಿಕೆಗಳನ್ನು ನೋಡುವುದೇ ಒಂದು ಸೊಗಸು. ಉತ್ತರದಲ್ಲಿ ಅಲ್ಬೋರ್ಜ್ ಶ್ರೇಣಿ. ಅದರ ಮುಕುಟದಂತೆ 5600 ಮೀಟರಿಗೂ ಎತ್ತರದ ದಮಾವಂದ್. ಏಷ್ಯದ ಅತ್ಯುನ್ನತ ಜ್ವಾಲಾಮುಖಿಯಾದ ಅದು ಪರ್ಷಿಯನ್ನರ ಪುರಾಣಗಳಲ್ಲೂ ಗಂಭೀರ ಸ್ಥಾನ ಪಡೆದಿದೆ.

ಅಲ್ಬೋರ್ಜ್‌ನ ಎರಡು ಮಗ್ಗುಲುಗಳು ಎರಡು ಬೇರೆ ಲೋಕಗಳು. ಕ್ಯಾಸ್ಪಿಯನ್ ಸಮುದ್ರದಿಂದ ಬರುವ ತೇವಗಾಳಿ ಉತ್ತರದ ಇಳಿಜಾರಿಗೆ ಬಡಿದು ಅಲ್ಲೇ ಮಳೆ ಸುರಿಸುತ್ತದೆ. ಗೀಲಾನ್, ಮಾಜಂದರಾನ್ ಸೀಮೆಗಳಲ್ಲಿ ದಟ್ಟ ಹಸಿರು ಕಾಡು, ಬತ್ತದ ಗದ್ದೆಗಳು. ಹಿಮಯುಗಗಳನ್ನೂ ದಾಟಿ ಉಳಿದ ಈ ಹಿರ್ಕೇನಿಯನ್ ಅರಣ್ಯವನ್ನು ಯುನೆಸ್ಕೊ 2019ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಶಿಖರ ದಾಟಿ ದಕ್ಷಿಣಕ್ಕಿಳಿದರೆ ಮಳೆಮೋಡಕ್ಕೆ ದಾರಿಯೇ ಇಲ್ಲ. ಅಲ್ಲಿಂದ ಮುಂದಕ್ಕೆ ಉಪ್ಪಿನ ಮರುಭೂಮಿ ದಶ್ತ್-ಎ ಕವೀರ್, ಅದರಾಚೆ ಆಗ್ನೇಯಕ್ಕೆ ದಶ್ತ್-ಎ ಲೂತ್. ಗಾಳಿಯೇ ಶಿಲ್ಪಿಯಾಗಿ ಕೊರೆದ ಮಣ್ಣಿನ ಮಹಾದಿಬ್ಬಗಳು ಲೂತ್‌ನಲ್ಲಿ ಕೋಟೆಗಳ ಸಾಲಿನಂತೆ ನಿಂತಿವೆ. 2005ರಲ್ಲಿ ಉಪಗ್ರಹವೊಂದು ಇಲ್ಲಿನ ನೆಲದ ಮೇಲ್ಮೈ ತಾಪವನ್ನು 70.7 ಡಿಗ್ರಿ ಸೆಲ್ಸಿಯಸ್ ಎಂದು ದಾಖಲಿಸಿತ್ತು.

ನಟ್ಟನಡುವೆ ಮರುಭೂಮಿ, ಸುತ್ತಲೂ ಹಿಮ ಹೊತ್ತ ಪರ್ವತಗಳ ಅಂಚು. ಆದ್ದರಿಂದ ಪರ್ಷಿಯದ ಜನಜೀವನವೆಲ್ಲ ಬೆಟ್ಟಗಳ ಬುಡದಲ್ಲೇ ಬೆಳೆಯಿತು. ಇಂದಿಗೂ ಇರಾನಿನ ಭೂಪಟದಲ್ಲಿ ತೆಹ್ರಾನ್, ಇಸ್ಫಹಾನ್, ಯಜ್ದ್, ಶಿರಾಜ್, ಕೆರ್ಮಾನ್ ನಗರಗಳನ್ನು ಹುಡುಕಿ ನೋಡಿ. ಪ್ರತಿಯೊಂದರ ಬೆನ್ನಿಗೂ ಒಂದು ಪರ್ವತವಿದೆ.

ಪರ್ಷಿಯನ್ನರ ಮೂಲ ನೆಲೆ ಜಾಗ್ರೋಸ್‌ನ ದಕ್ಷಿಣ ಭಾಗದ ಪಾರ್ಸ್ ಪ್ರಾಂತ. ಇಂದಿನ ಹೆಸರು ಫಾರ್ಸ್. ಸಾಮ್ರಾಜ್ಯದ ಸ್ಥಾಪಕ ಸೈರಸ್ ಕ್ರಿ.ಪೂ. 6ನೆಯ ಶತಮಾನದಲ್ಲಿ ಇಲ್ಲಿಯೇ ಪಸರ್ಗಡೇ ಎಂಬ ರಾಜಧಾನಿಯನ್ನು ಕಟ್ಟಿದ. ವಿದೇಶೀ ಪ್ರವಾಸಿಗಳು ಸಾಮಾನ್ಯವಾಗಿ ಅಲ್ಲಿ ಸೈರಸನ ಸರಳ, ಗಂಭೀರ ಸಮಾಧಿಯನ್ನು ನೋಡಿ ಮುಂದೆ ಹೋಗುತ್ತಾರೆ. ಆದರೆ ನನ್ನ ದೃಷ್ಟಿಯಲ್ಲಿ ಪಸರ್ಗಡೇಯ ಅತ್ಯಂತ ಸುಂದರ ಅವಶೇಷ ನೆಲಮಟ್ಟದಲ್ಲಿದೆ. ಬಿಳಿಯ ಸುಣ್ಣಕಲ್ಲನ್ನು ಕೊರೆದು ಮಾಡಿದ ಕಿರಿದಾದ ನೀರ್ಗಾಲುವೆ, ಅದು ಹಲವು ಗಜ ಸಾಗಿದ ಮೇಲೆ ಚೌಕಾಕಾರದ ಪುಟ್ಟ ಕಲ್ಲುತೊಟ್ಟಿ, ಮತ್ತೆ ಕಾಲುವೆ, ಮತ್ತೆ ತೊಟ್ಟಿ. ಹರಿಯುವ ನೀರು ತೊಟ್ಟಿಯಲ್ಲಿ ಒಂದು ಗಳಿಗೆ ತಂಗಿ, ಹೂಳನ್ನು ಅಲ್ಲೇ ಬಿಟ್ಟು, ತಿಳಿಯಾಗಿ ಮುಂದುವರಿಯುವ ಏರ್ಪಾಡು. ಈ ಕಾಲುವೆಗಳು ಅರಮನೆಯ ಉದ್ಯಾನವನ್ನು ಆಯತಗಳಾಗಿ ವಿಭಾಗಿಸಿದ್ದವು. ನೀರಿನ ಗೆರೆಗಳೇ ತೋಟದ ನಕ್ಷೆಯಾಗುವ ಈ ಕಲ್ಪನೆ ಮುಂದೆ ‘ಚಾರ್‌ಬಾಗ್’ ಎಂಬ ಹೆಸರಿನಲ್ಲಿ ಬೆಳೆದು, ಮೊಗಲರೊಂದಿಗೆ ಭಾರತಕ್ಕೆ ಬಂದು, ತಾಜಮಹಲಿನ ಅಂಗಳದಲ್ಲೂ ನೆಲೆಸಿತು.

ಬಯಲಿನಲ್ಲಿ ಇಷ್ಟೊಂದು ನೀರು ಎಲ್ಲಿಂದ? ಉತ್ತರದ ಒಂದು ಪಾಲು ಫಾರ್ಸ್‌ನ ಪುಲ್ವಾರ್, ಕುರ್ ನದಿಗಳಲ್ಲಿದೆ. ಪಸರ್ಗಡೇಯ ಸುತ್ತಮುತ್ತ ಪ್ರಾಚೀನ ಅಣೆಕಟ್ಟುಗಳ ಅವಶೇಷಗಳೂ ಪತ್ತೆಯಾಗಿವೆ. ಆದರೆ ಪ್ರಸ್ಥಭೂಮಿಯ ಮಿಕ್ಕ ಭಾಗಗಳಿಗೆ ಬದುಕು ಕೊಟ್ಟದ್ದು ‘ಖನಾತ್’. ಪೂರ್ವ ಇರಾನ್, ಅಫ್ಘಾನಿಸ್ತಾನಗಳಲ್ಲಿ ಇದಕ್ಕೇ ‘ಕಾರೇಜ್’ ಎನ್ನುತ್ತಾರೆ.

ಅದರ ತತ್ತ್ವ ಅತಿಸರಳ, ನಿರ್ಮಾಣ ಅತಿಕಠಿಣ. ಬೆಟ್ಟದ ಬುಡದಲ್ಲಿ ಹಿಮದ ನೀರು ಇಂಗಿರುವ ಜಾಗವನ್ನು ಅನುಭವಿಗಳು ಗುರುತಿಸುತ್ತಾರೆ. ಅಲ್ಲಿ ಆಳವಾದ ಬಾವಿ ತೋಡಿ ಜಲಮಟ್ಟವನ್ನು ಮುಟ್ಟುತ್ತಾರೆ. ಅದು ‘ತಾಯಿ ಬಾವಿ’. ಬಳಿಕ ಮೈಲುಗಟ್ಟಲೆ ದೂರದ ಹಳ್ಳಿಯ ಹೊಲದ ಮಟ್ಟದಿಂದ ಆ ತಾಯಿ ಬಾವಿಯತ್ತ ನೆಲದೊಳಗೆ ಸುರಂಗ ಅಗೆಯುತ್ತ ಬರುತ್ತಾರೆ. ಸುರಂಗದ ಇಳಿಜಾರು ಎಷ್ಟು ಸೂಕ್ಷ್ಮವೆಂದರೆ ಸಾವಿರ ಮೀಟರಿಗೆ ಒಂದೆರಡು ಮೀಟರ್ ಮಾತ್ರ. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ನುಗ್ಗಿ ಸುರಂಗವನ್ನೇ ಕೊರೆದುಬಿಡುತ್ತದೆ. ಕಡಿಮೆಯಾದರೆ ಹೂಳು ತುಂಬಿ ನಿಂತುಬಿಡುತ್ತದೆ. ದಾರಿಯುದ್ದಕ್ಕೂ ಇಪ್ಪತ್ತು, ಮೂವತ್ತು, ಐವತ್ತು ಮೀಟರಿಗೊಂದರಂತೆ ನೇರ ಬಾವಿಗಳು. ಮಣ್ಣನ್ನು ಮೇಲೆತ್ತಲು, ಒಳಗಿನವರಿಗೆ ಗಾಳಿಯಾಡಲು, ಮುಂದೆ ದುರಸ್ತಿಗೆ ಇಳಿಯಲು ಇವು ಬೇಕು. ಆಕಾಶದಿಂದ ನೋಡಿದರೆ ಮರುಭೂಮಿಯ ಮೇಲೆ ಉದ್ದಕ್ಕೆ ಚುಕ್ಕಿ ಇಟ್ಟಂತೆ ಈ ಬಾವಿಗಳ ಬಾಯಿಗಳು ಕಾಣುತ್ತವೆ. ನೀರೆತ್ತಲು ಎತ್ತು ಬೇಡ, ಯಂತ್ರ ಬೇಡ. ಭೂಮಿಯ ಗುರುತ್ವವೇ ಹಗಲಿರುಳು ದುಡಿಯುತ್ತದೆ. ಸುಡುಬಿಸಿಲಿಗೆ ಒಂದು ಹನಿಯೂ ಆವಿಯಾಗುವುದಿಲ್ಲ.

ಈ ಸುರಂಗ ಅಗೆಯುವವರನ್ನು ‘ಮುಕನ್ನಿ’ಗಳೆನ್ನುತ್ತಾರೆ. ತಂದೆಯಿಂದ ಮಗನಿಗೆ ಬಂದ ಕುಲವಿದ್ಯೆ ಅವರದು. ಒಬ್ಬ ಮನುಷ್ಯ ಬಾಗಿಕೊಂಡು ಸಾಗುವಷ್ಟೇ ಎತ್ತರದ ಸುರಂಗ; ಕೈಯಲ್ಲಿ ಗಿಡ್ಡ ಹಿಡಿಯ ಗುದ್ದಲಿ. ಹಿಂದೆ ಎರಡು ಎಣ್ಣೆದೀಪಗಳನ್ನು ಒಂದರ ಹಿಂದೊಂದು ಇಟ್ಟು, ಅವುಗಳ ನೇರವನ್ನು ನೋಡುತ್ತ ಕತ್ತಲಲ್ಲಿ ದಿಕ್ಕು ತಪ್ಪದಂತೆ ಅಗೆಯುತ್ತಿದ್ದರು. ದೀಪ ಮಂಕಾದರೆ ಉಸಿರಾಟಕ್ಕೆ ಗಾಳಿ ಸಾಲದೆಂಬ ಎಚ್ಚರಿಕೆ. ಮಣ್ಣು ಸಡಿಲವಿದ್ದೆಡೆ ಸುಟ್ಟ ಜೇಡಿಮಣ್ಣಿನ ದೊಡ್ಡ ಬಳೆಗಳನ್ನು ಜೋಡಿಸಿ ಸುರಂಗಕ್ಕೆ ಆಧಾರ ಕೊಡುತ್ತಿದ್ದರು. ಕುಸಿತಕ್ಕೆ ಸಿಕ್ಕಿ, ಹಠಾತ್ತನೆ ನುಗ್ಗಿದ ನೀರಿಗೆ ಸಿಕ್ಕಿ ಪ್ರಾಣ ತೆತ್ತವರು ಎಷ್ಟೋ ಮಂದಿ. ಪರ್ಸೆಪೊಲಿಸ್‌ನ ಕಂಬಗಳನ್ನು ಕೊಂಡಾಡುವಾಗ ಈ ಅನಾಮಧೇಯ ಸಾಹಸಿಗರನ್ನೂ ಅಷ್ಟೇ ಗೌರವದಿಂದ ನೆನೆಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಖನಾತ್ ಮೊದಲು ಎಲ್ಲಿ ಹುಟ್ಟಿತು ಎಂಬ ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅದನ್ನು ರಾಜನೀತಿಯ ಭಾಗವಾಗಿಸಿದ ಕೀರ್ತಿ ಪಾರಸಿಕ ಅರಸರಿಗೆ ಸಲ್ಲುತ್ತದೆ. ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಇದಕ್ಕೊಂದು ಅಮೂಲ್ಯ ಸಾಕ್ಷ್ಯ ಬಿಟ್ಟುಹೋಗಿದ್ದಾನೆ. ಹಿಂದೆ ನೀರಿಲ್ಲದ ನೆಲಕ್ಕೆ ಯಾರು ನೀರು ತಂದರೂ ಆ ಭೂಮಿಯ ಫಲವನ್ನು ಐದು ತಲೆಮಾರು ಅನುಭವಿಸುವ ಹಕ್ಕನ್ನು ಪರ್ಷಿಯದ ಅರಸರು ಕೊಟ್ಟಿದ್ದರಂತೆ. ಆದ್ದರಿಂದಲೇ ಜನ ಅಪಾರ ಶ್ರಮ, ಹಣ ಸುರಿದು ದೂರದ ಪರ್ವತದಿಂದ ನೆಲದಡಿಯ ಕಾಲುವೆ ತಂದರು. ಪೊಲಿಬಿಯಸನ ಕಾಲಕ್ಕಾಗಲೇ ನೀರು ಬಳಸುವವರಿಗೆ ಅದು ಎಲ್ಲಿ ಹುಟ್ಟುತ್ತದೆಂದು ಗೊತ್ತಿರಲಿಲ್ಲ. ಬರೀ ಆಜ್ಞೆಯಿಂದ ಆಗದ ಕೆಲಸವನ್ನು ಐದು ತಲೆಮಾರಿನ ಭರವಸೆ ಮಾಡಿಸಿತು.

ಖೊರಾಸಾನ್ ಸೀಮೆಯ ಗೊನಾಬಾದ್‌ನಲ್ಲಿರುವ ಕಸಬೆ ಖನಾತ್ ಈ ವಿದ್ಯೆಯ ಶಿಖರ. ಅದರ ಉದ್ದ 33 ಕಿಲೋಮೀಟರ್. ತಾಯಿ ಬಾವಿಯ ಆಳ ಸುಮಾರು 300 ಮೀಟರ್. ಅಲ್ಲಿ ನೀರು ಹಂಚಿದ ಬಗೆಯೂ ಮನೋಹರ. ದೊಡ್ಡ ಪಾತ್ರೆಯ ನೀರಿನ ಮೇಲೆ, ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲೊಂದನ್ನು ತೇಲಿಬಿಡುವುದು. ಅದು ನಿಧಾನವಾಗಿ ತುಂಬಿ ಮುಳುಗುವಷ್ಟು ಹೊತ್ತು ಒಂದು ಅಳತೆ. ನಮ್ಮ ಹಿರಿಯರು ಮದುವೆಯ ಮುಹೂರ್ತ ನೋಡುತ್ತಿದ್ದ ಗಳಿಗೆ ಬಟ್ಟಲಿನ ಕ್ರಮವೂ ಇದೇ. ಬಟ್ಟಲು ಎಷ್ಟು ಬಾರಿ ಮುಳುಗಿತೆಂದು ಎಣಿಸಿ, ಯಾವ ರೈತನ ಸರದಿ ಎಲ್ಲಿಗೆ ಮುಗಿಯಿತೆಂದು ಹೇಳಲು ಊರಿನವರೇ ನಂಬಿಕಸ್ತರೊಬ್ಬರನ್ನು ನೇಮಿಸುತ್ತಿದ್ದರು.

ನೀರಿನ ಬಗ್ಗೆ ಪಾರಸಿಕರಿಗಿದ್ದ ಭಕ್ತಿ ಗ್ರೀಕರಿಗೆ ಬೆರಗು ತಂದಿತ್ತು. ಅವರು ನದಿಯಲ್ಲಿ ಉಗುಳುವುದಿಲ್ಲ, ಕೈ ತೊಳೆಯುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲವೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ದಂಡಯಾತ್ರೆಗೆ ಹೊರಟ ಸಾಮ್ರಾಟ ಸೂಸಾ ನಗರದ ಬಳಿಯ ಖೊಆಸ್ಪಿಸ್ ನದಿಯ ನೀರನ್ನಲ್ಲದೆ ಬೇರೆ ನೀರು ಕುಡಿಯುತ್ತಿರಲಿಲ್ಲ; ಆ ನೀರನ್ನು ಕುದಿಸಿ, ಬೆಳ್ಳಿಯ ಕೊಡಗಳಲ್ಲಿ ತುಂಬಿ, ಹೇಸರಗತ್ತೆಗಳು ಎಳೆಯುವ ಬಂಡಿಗಳಲ್ಲಿ ಅವನ ಹಿಂದೆ ಒಯ್ಯುತ್ತಿದ್ದರು ಎಂದೂ ಅವನೇ ಹೇಳುತ್ತಾನೆ. ನೀರಿನ ಅಧಿದೇವತೆ ಅನಾಹಿತಾಳ ಆರಾಧನೆ ಆ ನಾಡಿನಲ್ಲಿ ಬೇರೂರಿದ್ದು ಸಹಜವೇ.

ಇನ್ನು ಸಾಮ್ರಾಜ್ಯದ ಖನಿಜ, ವನ ಸಂಪತ್ತು. ಇದಕ್ಕೆ ಸೂಸಾದಲ್ಲಿ ದೊರೆತ ಡೇರಿಯಸನ ಶಾಸನಕ್ಕಿಂತ ಉತ್ತಮ ಆಕರವಿಲ್ಲ. ತನ್ನ ಅರಮನೆಗೆ ಯಾವ ವಸ್ತು ಯಾವ ನಾಡಿನಿಂದ ಬಂತೆಂದು ಅವನು ಹೆಮ್ಮೆಯಿಂದ ಪಟ್ಟಿ ಮಾಡಿಸಿದ್ದಾನೆ. ದೇವದಾರು ಲೆಬನಾನಿನ ಬೆಟ್ಟಗಳಿಂದ ಬಂತು. ಅಸ್ಸೀರಿಯನ್ನರು ಅದನ್ನು ಬ್ಯಾಬಿಲೋನಿನವರೆಗೆ ತಂದರು, ಅಲ್ಲಿಂದ ಸೂಸಾಕ್ಕೆ ಕೇರಿಯನ್ನರೂ ಅಯೋನಿಯನ್ನರೂ ಸಾಗಿಸಿದರು. ‘ಯಕಾ’ ಎಂಬ ಮರ ಗಾಂಧಾರ ಮತ್ತು ಕೆರ್ಮಾನ್‌ನಿಂದ. ಅದು ನಮ್ಮ ಉತ್ತರ ಭಾರತದ ಶೀಶಮ್ ಮರವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಚಿನ್ನ ಸಾರ್ಡಿಸ್‌ನಿಂದ, ಬ್ಯಾಕ್ಟ್ರಿಯದಿಂದ. ನೀಲಿ ವೈಡೂರ್ಯ ಮತ್ತು ಕೆಂಪು ಅಕೀಕು ಸೊಗ್ದಿಯಾನದಿಂದ, ಹಸಿರುನೀಲಿ ಪಿರೋಜ ಖ್ವಾರಜ್ಮ್‌ನಿಂದ. ಬೆಳ್ಳಿ ಮತ್ತು ಕರಿಮರ ಈಜಿಪ್ಟಿನಿಂದ. ಆನೆದಂತ ಆಫ್ರಿಕದ ಕುಶ್, ಅರಕೋಸಿಯ ಮತ್ತು ಸಿಂಧೂ ನಾಡಿನಿಂದ. ಕಲ್ಲಿನ ಕಂಬಗಳಷ್ಟೇ ಹತ್ತಿರದ ಎಲಾಮ್‌ನ ಒಂದು ಹಳ್ಳಿಯವು. ಕಲ್ಲು ಕಡಿದವರು ಅಯೋನಿಯನ್ನರು, ಸಾರ್ಡಿಸ್‌ನವರು. ಚಿನ್ನದ ಕೆಲಸ ಪಶ್ಚಿಮ ಇರಾನಿನ ಮೀಡರದು, ಈಜಿಪ್ಟಿನವರದು. ಇಟ್ಟಿಗೆ ಸುಟ್ಟವರು ಬ್ಯಾಬಿಲೋನಿನವರು. ಆಗಿನ ಜಗತ್ತಿನ ಸಮಗ್ರ ಆರ್ಥಿಕ ಭೂಗೋಳವೇ ಒಂದು ಅರಮನೆಯ ಗೋಡೆಗಳಲ್ಲಿ ಸೇರಿಕೊಂಡಿತ್ತು.

ಇದೇ ಸಂಪತ್ತು ಪರ್ಸೆಪೊಲಿಸ್‌ನ ಅಪದಾನದ ಮೆಟ್ಟಿಲುಗಳ ಮೇಲೆ ಕಲ್ಲಿನಲ್ಲಿ ಮೆರವಣಿಗೆ ಹೊರಟಿದೆ. 23 ನಾಡುಗಳ ನಿಯೋಗಗಳು ಕಾಣಿಕೆ ಹಿಡಿದು ಸಾಗುತ್ತಿವೆ. ಎಲಾಮಿನವರು ಸಿಂಹಿಣಿಯನ್ನೂ ಅದರ ಮರಿಗಳನ್ನೂ ತಂದಿದ್ದಾರೆ. ಬ್ಯಾಕ್ಟ್ರಿಯದವರು ಎರಡು ಡುಬ್ಬದ ಒಂಟೆಯನ್ನು ಹಿಡಿದಿದ್ದಾರೆ. ಭಾರತೀಯರ ಗುಂಪಿನಲ್ಲಿ ಒಬ್ಬ ಹೆಗಲ ಮೇಲೆ ಅಡ್ಡೆ ಹೊತ್ತಿದ್ದಾನೆ. ಅದರ ತಕ್ಕಡಿಯಂಥ ಬುಟ್ಟಿಗಳಲ್ಲಿ ಪುಟ್ಟ ಭರಣಿಗಳಿವೆ, ಅವುಗಳಲ್ಲಿರುವುದು ಚಿನ್ನದ ಪುಡಿಯಿರಬೇಕೆಂದು ತಜ್ಞರ ಊಹೆ. ಊಹೆಗೆ ಆಧಾರವೂ ಇದೆ. ಭಾರತದ ಪ್ರಾಂತ ವರ್ಷಕ್ಕೆ 360 ಟ್ಯಾಲೆಂಟ್ ತೂಕದ ಚಿನ್ನದ ಪುಡಿಯನ್ನು ಕಪ್ಪವಾಗಿ ಒಪ್ಪಿಸುತ್ತಿತ್ತು, ಬೇರಾವ ಪ್ರಾಂತವೂ ಅಷ್ಟು ಕೊಡುತ್ತಿರಲಿಲ್ಲ ಎಂಬುದು ಹೆರೊಡೋಟಸನ ಲೆಕ್ಕ.

ಹೊರಗಿನಿಂದ ಬಂದದ್ದು ಇಷ್ಟಾದರೆ, ಒಳನಾಡಿನ ನಿಧಿ ಬೇರೆ ಬಗೆಯದು. ಜಾಗ್ರೋಸ್‌ನ ಹುಲ್ಲುಗಾವಲುಗಳಲ್ಲಿ, ಮೀಡರ ನಾಡಿನ ನಿಸಾಯ ಬಯಲಿನಲ್ಲಿ ಬೆಳೆದ ಎತ್ತರದ ಕುದುರೆಗಳು ಪ್ರಾಚೀನ ಜಗತ್ತಿನಲ್ಲಿ ಪ್ರಸಿದ್ಧವಾಗಿದ್ದವು. ಇಂದು ನಮ್ಮ ಹೈನುಗಾರರಿಗೂ ಪರಿಚಿತವಾದ ಲೂಸರ್ನ್ ಮೇವನ್ನು ಪರ್ಷಿಯನ್ ಯುದ್ಧಗಳ ಕಾಲದಲ್ಲಿ ಗ್ರೀಕರು ಕಂಡುಕೊಂಡದ್ದು ಮೀಡರಿಂದ. ದಾಳಿಂಬೆ, ಪಿಸ್ತಾ, ಬಾದಾಮಿ, ದ್ರಾಕ್ಷಿ ಈ ಒಣಬೆಟ್ಟಗಳಿಗೆ ಒಗ್ಗಿದ ಬೆಳೆಗಳು. ಪರ್ಸೆಪೊಲಿಸ್‌ನ ಕೋಟೆಗೋಡೆಯ ಬಳಿ 1933–34ರಲ್ಲಿ ಸಿಕ್ಕ ಸಾವಿರಾರು ಮಣ್ಣಿನ ಫಲಕಗಳು ಡೇರಿಯಸನ ಆಡಳಿತದ ದಿನನಿತ್ಯದ ಲೆಕ್ಕಪತ್ರಗಳು. ಯಾವ ಕೆಲಸಗಾರನಿಗೆ ಎಷ್ಟು ಬಾರ್ಲಿ, ಎಷ್ಟು ದ್ರಾಕ್ಷಾರಸ, ಯಾವ ಪ್ರಯಾಣಿಕನಿಗೆ ಎಷ್ಟು ಹಿಟ್ಟು, ಹೊಸದಾಗಿ ಹೆತ್ತ ತಾಯಿಗೆ ಎಷ್ಟು ಹೆಚ್ಚಿನ ಪಡಿ ಎಂಬುದು ಅವುಗಳಲ್ಲಿ ನಮೂದಾಗಿದೆ. ರಾಜವೈಭವದ ಶಾಸನಗಳಿಗಿಂತ ಈ ಪಡಿಯ ಲೆಕ್ಕಗಳೇ ಆ ನೆಲದ ನಿಜವಾದ ಉತ್ಪತ್ತಿಯನ್ನು ನಮಗೆ ಪರಿಚಯಿಸುತ್ತವೆ.

ನೆಲದಾಳದಲ್ಲಿ ಇನ್ನೊಂದು ನಿಧಿಯಿತ್ತು. ಸೂಸಾದಿಂದ ಅನತಿದೂರದ ಬಾವಿಯೊಂದರಿಂದ ಉಪ್ಪು, ಕಲ್ಲರಗು ಮತ್ತು ಒಂದು ಬಗೆಯ ಕಪ್ಪು ಎಣ್ಣೆಯನ್ನು ಸೇದಿ ತೆಗೆಯುತ್ತಿದ್ದರು. ಆ ಎಣ್ಣೆಗೆ ಕಟುವಾಸನೆಯಿತ್ತು ಎಂದು ಹೆರೊಡೋಟಸ್ ಬರೆದಿದ್ದಾನೆ. ಸೂಸಾ ಇರುವ ಅದೇ ಖುಜೆಸ್ತಾನ್ ಸೀಮೆಯ ಮಸ್ಜಿದ್ ಸುಲೇಮಾನ್‌ನಲ್ಲಿ 1908ರ ಮೇ ತಿಂಗಳಲ್ಲಿ ಪೆಟ್ರೋಲಿಯಂ ಚಿಮ್ಮಿತು. ಮಧ್ಯಪ್ರಾಚ್ಯದ ತೈಲಯುಗದ ಆರಂಭ ಅದು. ಭೂಮಿಯನ್ನು ಮಡಿಸಿದ ಅದೇ ಬಲ ಜಾಗ್ರೋಸ್‌ನ ನೆರಿಗೆಗಳೊಳಗೆ ತೈಲವನ್ನೂ ಅನಿಲವನ್ನೂ ಮುಚ್ಚಿಟ್ಟಿತ್ತು. ದಕ್ಷಿಣದಲ್ಲಿ 50 ಕೋಟಿ ವರ್ಷಗಳಿಗೂ ಹಳೆಯ ಉಪ್ಪಿನ ಪದರಗಳು ಪರ್ವತವನ್ನೇ ಸೀಳಿ ಮೇಲೆ ಬಂದು, ಹಿಮನದಿಯಂತೆ ನಿಧಾನವಾಗಿ ಇಳಿಜಾರಿನಲ್ಲಿ ಸರಿಯುತ್ತವೆ. ಕೆರ್ಮಾನ್‌ನ ಸರ್‌ಚಶ್ಮೆಯ ತಾಮ್ರದ ನಿಕ್ಷೇಪ ಜಗತ್ತಿನ ಅತಿದೊಡ್ಡವುಗಳಲ್ಲಿ ಒಂದು. ನಿಶಾಪುರದ ಪಿರೋಜ ಇಂದಿಗೂ ಆಭರಣಪ್ರಿಯರ ಕನಸು. ಜಗತ್ತಿನ ಕೇಸರಿಯ ಬಹುಪಾಲು ಬೆಳೆಯುವುದು ಖೊರಾಸಾನ್‌ನ ಹೊಲಗಳಲ್ಲಿ.

ಪಾರಸಿಕರ ಜಲವಿದ್ಯೆಯ ಒಂದು ಕವಲು ಕನ್ನಡ ನೆಲಕ್ಕೂ ಬಂದಿದೆ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರ್‌ಗೆ ಇರಾನಿನಿಂದ ಪಂಡಿತರು, ಶಿಲ್ಪಿಗಳು, ವ್ಯಾಪಾರಿಗಳು ಬಂದರು. 1472ರಲ್ಲಿ ಅಲ್ಲಿ ಪ್ರಖ್ಯಾತ ಮದರಸಾ ಕಟ್ಟಿಸಿದ ಮಂತ್ರಿ ಮಹಮೂದ್ ಗವಾನ್ ಕ್ಯಾಸ್ಪಿಯನ್ ತೀರದ ಅದೇ ಹಸಿರು ಗೀಲಾನ್‌ನವನು. ಬೀದರ್‌ನ ನೌಬಾದ್‌ನಲ್ಲಿ ಕೆಂಪು ಮುರಕಲ್ಲಿನ ಗಟ್ಟಿ ಪದರವನ್ನು ಕೊರೆದು ಮಾಡಿದ ಕಾರೇಜ್ ಈ ಸಂಪರ್ಕದ ಫಲ. ಮುರಕಲ್ಲಿನ ಬಿರುಕುಗಳಲ್ಲಿ ಇಂಗಿದ ಮಳೆನೀರು ಸುರಂಗಕ್ಕೆ ಜಿನುಗುತ್ತದೆ, ಉದ್ದಕ್ಕೂ ಗಾಳಿಬಾವಿಗಳು. ಇರಾನಿನಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಮುಂಗಾರು ಮಾಡುತ್ತದೆ. ವಿಜಯಪುರದ ಸುರಂಗ ಬಾವಡಿಯೂ ಇದೇ ಪರಂಪರೆಯದು. ಹೂಳು ತುಂಬಿ ಮರೆತುಹೋಗಿದ್ದ ನೌಬಾದ್ ಕಾರೇಜನ್ನು ಕಳೆದ ದಶಕದಲ್ಲಿ ಸ್ವಚ್ಛಗೊಳಿಸಲಾಯಿತು. ಇಂಥದೊಂದು ಅಪೂರ್ವ ಸ್ಮಾರಕ ನಮ್ಮಲ್ಲಿದೆಯೆಂಬುದು ಇನ್ನೂ ಎಷ್ಟೋ ಕನ್ನಡಿಗರಿಗೆ ತಿಳಿಯದಿರುವುದು ಮನಸ್ಸಿಗೆ ನೋವು ತರುವ ಸಂಗತಿ.

ಪರ್ಷಿಯದ ನೆಲ ಇಂದು ಕಠಿಣ ಕಾಲವನ್ನು ಎದುರಿಸುತ್ತಿದೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಪಂಪ್‌ಸೆಟ್‌ಗಳೂ ಆಳದ ಕೊಳವೆಬಾವಿಗಳೂ ಬಂದವು. ಖನಾತ್ ತನ್ನ ಜಲಮೂಲ ಕೊಡುವಷ್ಟನ್ನೇ ಹರಿಸುತ್ತದೆ. ಕೊಳವೆಬಾವಿಗೆ ಆ ಮಿತಿಯಿಲ್ಲ. ಜಲಮಟ್ಟ ಕುಸಿದಂತೆ ಅಸಂಖ್ಯ ಖನಾತ್‌ಗಳ ತಾಯಿ ಬಾವಿಗಳು ಒಣಗಿದವು. ವಾಯವ್ಯದ ಉರ್ಮಿಯಾ ಸರೋವರ ಒಂದು ಕಾಲಕ್ಕೆ 5000 ಚದರ ಕಿಲೋಮೀಟರಿನಷ್ಟು ಹರಡಿತ್ತು. ಈಗ ಅದರ ಬಹುಭಾಗ ಬರೀ ಉಪ್ಪಿನ ಬಯಲು. ಇಸ್ಫಹಾನಿನ ಸುಂದರ ಸೇತುವೆಗಳ ಕೆಳಗೆ ಜಾಯಂದೆ ನದಿ ವರ್ಷದ ಹಲವು ತಿಂಗಳು ಹರಿಯುವುದೇ ಇಲ್ಲ. ಪರ್ಸೆಪೊಲಿಸ್ ನಿಂತಿರುವ ಮರ್ವ್‌ದಶ್ತ್ ಬಯಲಿನಲ್ಲಿ ಅಂತರ್ಜಲ ಬರಿದಾಗಿ ಭೂಮಿ ಕುಸಿಯುತ್ತಿದೆ. ಸ್ಮಾರಕಗಳ ಸಮೀಪವೇ ನೆಲ ಬಿರುಕು ಬಿಟ್ಟಿರುವುದು ಪುರಾತತ್ತ್ವಜ್ಞರ ನಿದ್ದೆಗೆಡಿಸಿದೆ.

ಆದರೂ ಇರಾನಿನಲ್ಲಿ ಇಂದಿಗೂ ಸಾವಿರಾರು ಖನಾತ್‌ಗಳು ಹರಿಯುತ್ತಿವೆ. ಅವುಗಳ ಅಧ್ಯಯನ, ಸಂರಕ್ಷಣೆಗಾಗಿ ಯುನೆಸ್ಕೊ ಸಹಯೋಗದ ಅಂತರರಾಷ್ಟ್ರೀಯ ಕೇಂದ್ರವೊಂದು 2005ರಿಂದ ಯಜ್ದ್ ನಗರದಲ್ಲಿದೆ. 2016ರಲ್ಲಿ ಗೊನಾಬಾದ್‌ನದೂ ಸೇರಿ 11 ಖನಾತ್‌ಗಳು ವಿಶ್ವಪರಂಪರೆಯ ಪಟ್ಟಿಗೇರಿದವು. ಲೂತ್ ಮರುಭೂಮಿಗೂ ಅದೇ ವರ್ಷ ಆ ಗೌರವ ಸಂದಿತು. ಗೊನಾಬಾದ್‌ನ ಬಟ್ಟಲಿನ ಗಡಿಯಾರದ ಜಾಗಕ್ಕೆ ಕೈಗಡಿಯಾರ ಬಂದಿದೆಯಾದರೂ, ಖನಾತ್‌ನ ನೀರು ಈಗಲೂ ಸರದಿಯ ಪ್ರಕಾರವೇ ಕೇಸರಿಯ ಹೊಲಗಳಿಗೂ ಪಿಸ್ತಾ ತೋಟಗಳಿಗೂ ಹಂಚಿಕೆಯಾಗುತ್ತದೆ.